ಮನೋರೋಗಿಯ ಮನೆಯವರು ಎಲ್ಲಿಗೆ ಹೋಗಬೇಕು?

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1992ರಲ್ಲಿ ಇದನ್ನು ಗೊತ್ತುಮಾಡಿದರು. 1993ರಿಂದ ಆಚರಣೆ ನಡೆದು ಬಂದಿದೆ. ಅಂದು ನಮ್ಮ ದೇವಾಲಯದಲ್ಲಿಯೂ ಮುಂದಿನ ಬೆಂಚುಗಳನ್ನು ರೋಗಿಗಳಿಗಾಗಿ ಬಿಟ್ಟಿರುತ್ತೇವೆ. ಕಳೆದ ವರ್ಷ ಹೃದಯದ ಶಸ್ತ್ರಚಿಕಿತ್ಸೆಯಾದವರು ಬಂದರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬಂದರು, ಪಾರ್ಶ್ವವಾಯು ಹೊಡೆದ ಹಿರಿಯರನ್ನು ಮಕ್ಕಳು ಕುರ್ಚಿಯಲ್ಲಿ ಹೊತ್ತು ತಂದರು. ಎಲ್ಲರಿಗೂ ಅಭ್ಯಂಗ ಸಂಸ್ಕಾರ ನೀಡಿದೆವು. ಪೂಜೆ ಮುಗಿದ ಮೇಲೆ ಮನಸ್ಸಿಗೆ ಒಂದು ಕೊರತೆ ಕಾಡತೊಡಗಿತು. ಮನಸ್ಸಿನ ಕಾಯಿಲೆಯವರ ಮನೆಯಿಂದ ಒಬ್ಬರೂ ಬಂದಿರಲಿಲ್ಲ. ಅಂಥ ಮನೆಗಳು ಇಲ್ಲವೆಂದಲ್ಲ. ನಮಗೆ ತಿಳಿದಂತೆಯೇ ನಾಲ್ಕಿವೆ. ತಿಳಿಯದಂತೆ ಎಷ್ಟಿವೆಯೋ ದೇವರೇ ಬಲ್ಲ.

ಏಕೆ ಬರಲಿಲ್ಲ? ಅವರನ್ನು ನಾವು ಕರೆದಿರಲಿಲ್ಲ. ಕರೆದಿದ್ದರೂ ಬರುತ್ತಿದ್ದರೆಂಬ ಭರವಸೆ ಇಲ್ಲ. ಏಕೆಂದರೆ ಸಕ್ಕರೆ ಕಾಯಿಲೆಯನ್ನು ನೆರೆಯವರಿಗೆ ಹೇಳಿಕೊಳ್ಳುವ ಮನೆ, ಮಗನ ತಲೆಯೊಳಗೆ ಕೇಳಿಬರುವ ಧ್ವನಿಗಳ ಕುರಿತು ಬಾಗಿಲು ಮುಚ್ಚಿಕೊಂಡು ಅಳುತ್ತದೆ. ಈ ವಾರದ ನಮ್ಮ ಬರಹ ಅಂಥ ಮನೆಗಳಿಗೆ, ಮತ್ತು ಅವುಗಳ ಪಕ್ಕದ ಮನೆಗಳಿಗೆ.

ಬರೆಯುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ, ಒಬ್ಬ ವಿಧವೆ ತಾಯಿ ತನ್ನ ಇಪ್ಪತ್ತನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. ಹುಡುಗ ಡಿಪ್ಲೊಮಾ ಮುಗಿಸಿದ್ದ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ತನ್ನ ಕುರಿತು ಮಾತಾಡಿಕೊಳ್ಳುತ್ತಿದ್ದಾರೆ ಎನ್ನುತ್ತಿದ್ದ. ಕೆಲವು ತಿಂಗಳು ರಾತ್ರಿಯಿಡೀ ನಿದ್ದೆಯಿಲ್ಲದೆ, ದಣಿವಿಲ್ಲದೆ, ದೊಡ್ಡ ದೊಡ್ಡ ಯೋಜನೆಗಳನ್ನು ಹೇಳುತ್ತಾ ಮನೆಯ ಹಣವನ್ನೆಲ್ಲ ಖರ್ಚು ಮಾಡಿದ್ದ. ಆಮೇಲೆ ಕೆಲವು ತಿಂಗಳು ಹಾಸಿಗೆಯಿಂದ ಏಳದೆ, ಸ್ನಾನವಿಲ್ಲದೆ, ಮಾತಿಲ್ಲದೆ ಮಲಗಿದ್ದ. ಪಟ್ಟಣದ ಮನೋವೈದ್ಯರೊಬ್ಬರು ಮಾತ್ರೆ ಆರಂಭಿಸಿ ಎರಡು ತಿಂಗಳಾಗಿತ್ತು. ಧ್ವನಿಗಳು ತಗ್ಗಿದ್ದವು, ಆದರೆ ಮೈ ಭಾರ, ನಿದ್ದೆ ಹೆಚ್ಚು. "ಈ ಮಾತ್ರೆ ಎಷ್ಟು ದಿನ ತಿನ್ನಿಸಬೇಕು ಸ್ವಾಮೀ?" ಎಂದು ತಾಯಿ ಕೇಳಿದರು. ನಾವು ಪೂಜೆಗೆ ಹೊರಡುವ ಅವಸರದಲ್ಲಿದ್ದೆವು. "ಮಾತ್ರೆಗಿಂತ ಪ್ರಾರ್ಥನೆ ದೊಡ್ಡದಮ್ಮ, ಅವನನ್ನು ಒಂದು ಧ್ಯಾನಕೂಟಕ್ಕೆ ಕಳಿಸಿ" ಎಂದೆವು. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆವು. ಅಷ್ಟೆ.

ತಾಯಿ ಅಂದಿನಿಂದಲೇ ಮಾತ್ರೆ ನಿಲ್ಲಿಸಿದರು. ಮಗನಿಗೆ ಉಪವಾಸ ಮಾಡಿಸಿದರು. ಆರು ವಾರಗಳಲ್ಲಿ ಧ್ವನಿಗಳು ಮರಳಿದವು. ಒಂದು ಬೆಳಗಿನ ಜಾವ ಹುಡುಗ ಮನೆಯಿಂದ ಹೊರಟುಹೋದ. ಹನ್ನೊಂದು ದಿನಗಳ ಬಳಿಕ ದೂರದ ಊರಿನ ಬಸ್ ನಿಲ್ದಾಣದಲ್ಲಿ, ಚಪ್ಪಲಿಯಿಲ್ಲದೆ, ಪಾದಗಳೆಲ್ಲ ಹುಣ್ಣಾಗಿ ಸಿಕ್ಕಿದ. ನಮಗೆ ಇದೆಲ್ಲ ತಿಳಿದದ್ದು ಒಂದು ವರ್ಷದ ಮೇಲೆ, ಆ ತಾಯಿ ಯಾವುದೋ ಪತ್ರಕ್ಕಾಗಿ ಮತ್ತೆ ಬಂದಾಗ. ಅವರು ದೂರಲಿಲ್ಲ. "ನೀವು ಹೇಳಿದ್ದು ದೇವರೇ ಹೇಳಿದ್ದು ಅಂದುಕೊಂಡೆ ಸ್ವಾಮೀ" ಎಂದಷ್ಟೇ ಹೇಳಿದರು. ಪೀಠದಿಂದ ಮಾತಾಡುವವರ ಒಂದು ಅಲಕ್ಷ್ಯದ ಮಾತು ಎಲ್ಲಿಗೆ ತಲುಪುತ್ತದೆ ಎಂಬುದನ್ನು ನಾವು ಸೆಮಿನರಿಯಲ್ಲಿ ಕಲಿತಿರಲಿಲ್ಲ. ಆ ತಾಯಿಯಿಂದ ಕಲಿತೆವು. ಅವರ ಮತ್ತು ಮಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಆ ಹುಡುಗನಿಗಿದ್ದ ಕಾಯಿಲೆಯ ಹೆಸರು ಸ್ಕಿಜೋಅಫೆಕ್ಟಿವ್ ಡಿಸಾರ್ಡರ್. ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಲತೆಯ ಲಕ್ಷಣಗಳೂ, ಮನೋಭಾವದ ಏರಿಳಿತದ ಲಕ್ಷಣಗಳೂ ಒಬ್ಬನಲ್ಲೇ ಕೂಡಿಬರುವ ಸ್ಥಿತಿ ಇದು. ಇಲ್ಲದ ಧ್ವನಿ ಕೇಳುವುದು, ಆಧಾರವಿಲ್ಲದ ಸಂಶಯ ಗಟ್ಟಿಯಾಗಿ ಬೇರೂರುವುದು, ಮಾತು ಮತ್ತು ಯೋಚನೆ ಚೆದರುವುದು ಒಂದು ಕಡೆ. ಉನ್ಮಾದದ ಉಬ್ಬರ ಅಥವಾ ಖಿನ್ನತೆಯ ಇಳಿತ ಇನ್ನೊಂದು ಕಡೆ. ಮನೋಭಾವದ ಏರಿಳಿತ ಇಲ್ಲದ ಹೊತ್ತಿನಲ್ಲಿಯೂ ಕನಿಷ್ಠ ಎರಡು ವಾರ ಧ್ವನಿಗಳೋ ಸಂಶಯಗಳೋ ಉಳಿದುಕೊಂಡರೆ ವೈದ್ಯರು ಈ ಹೆಸರನ್ನು ಯೋಚಿಸುತ್ತಾರೆ. ಜೇಕಬ್ ಕಸಾನಿನ್ ಎಂಬ ಮನೋವೈದ್ಯರು 1933ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಸಾವಿರ ಮಂದಿಯಲ್ಲಿ ಸುಮಾರು ಮೂವರಿಗೆ ಜೀವಮಾನದಲ್ಲಿ ಎಂದಾದರೂ ಇದು ಬರಬಹುದೆಂಬ ಅಂದಾಜಿದೆ. ಆ ಲೆಕ್ಕ ಹಿಡಿದರೆ ಮೂರು ಸಾವಿರ ಜನರಿರುವ ಧರ್ಮಕೇಂದ್ರದಲ್ಲಿ ಎಂಟು-ಹತ್ತು ಮಂದಿ ಇದ್ದಾರು. ಒಂದೇ ರೋಗಿಗೆ ಒಬ್ಬ ವೈದ್ಯರು ಒಂದು ಹೆಸರು, ಇನ್ನೊಬ್ಬರು ಇನ್ನೊಂದು ಹೆಸರು ಹೇಳುವುದುಂಟು. ಅದರಿಂದ ಕಂಗೆಡಬಾರದು. ಈ ಕಾಯಿಲೆಯ ನಿಜವಾದ ರೂಪ ತಿಳಿಯಲು ವೈದ್ಯರಿಗೂ ಕಾಲ ಬೇಕು.

ತತ್ವಶಾಸ್ತ್ರ ಓದುವಾಗ ದ್ರವ್ಯ ಬೇರೆ, ದ್ರವ್ಯಕ್ಕೆ ಬಂದು ಕೂಡುವ ಗುಣ ಬೇರೆ ಎಂಬ ಅರಿಸ್ಟಾಟಲನ ವಿವೇಚನೆಯನ್ನು ನಮ್ಮ ಗುರುಗಳು ಬೋಧಿಸುತ್ತಿದ್ದರು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ತಿಳಿದದ್ದು ಇಂಥ ಮನೆಗಳಲ್ಲಿ. ರೋಗವು ಮನುಷ್ಯನಿಗೆ ಬಂದೊದಗಿದ್ದು, ರೋಗವೇ ಮನುಷ್ಯನಲ್ಲ. "ಹುಚ್ಚ" ಎಂದು ಕರೆದಾಗ ನಾವು ಬಂದೊದಗಿದ್ದನ್ನೇ ಅವನ ಹೆಸರಾಗಿಸುತ್ತೇವೆ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ವ್ಯಕ್ತಿಯನ್ನು ಮರೆಯುತ್ತೇವೆ. ಹಾಗೆಯೇ, ದೇವರ ಕೃಪೆಯು ಪ್ರಕೃತಿಯನ್ನು ಬದಿಗೊತ್ತಿ ಕೆಲಸ ಮಾಡುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಾಸ್ ಅಕ್ವಿನಾಸರ ನಿಲುವು. ಮೆದುಳು ಪ್ರಕೃತಿಯ ಭಾಗ. ಅದಕ್ಕೆ ಬಂದ ಕಾಯಿಲೆಗೆ ಔಷಧ ಕೊಡುವುದು ವಿಶ್ವಾಸದ ಕೊರತೆಯಲ್ಲ.

"ದೆವ್ವದ ಕಾಟ" ಎಂಬ ಮಾತಿನ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕು. ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪಿಶಾಚಿ ಉಚ್ಚಾಟನೆಯ ಕುರಿತು ಹೇಳುವಲ್ಲಿಯೇ, ಕಾಯಿಲೆ, ಅದರಲ್ಲೂ ಮನಸ್ಸಿನ ಕಾಯಿಲೆ, ಸಂಪೂರ್ಣ ಬೇರೆ ವಿಷಯವೆಂದೂ ಅದರ ಚಿಕಿತ್ಸೆ ವೈದ್ಯಶಾಸ್ತ್ರಕ್ಕೆ ಸೇರಿದ್ದೆಂದೂ ಬೋಧಿಸುತ್ತದೆ. ಕುರುಡನಾಗಿ ಹುಟ್ಟಿದವನನ್ನು ಕಂಡು ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ತಂದೆತಾಯಿಗಳ ಪಾಪವನ್ನು ಹುಡುಕುವ ಬಂಧುಗಳು ಈ ಪ್ರಸಂಗವನ್ನು ಮತ್ತೊಮ್ಮೆ ಓದಲಿ.

ಶುಭಸಂದೇಶದ ಇನ್ನೊಂದು ಪ್ರಸಂಗ ನಮಗೆ ದಾರಿ ತೋರುತ್ತದೆ. ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದು, ಮನೆಯ ಮಾಡನ್ನು ತೆರೆದು, ಹಾಸಿಗೆಯ ಸಮೇತ ಯೇಸುವಿನ ಮುಂದೆ ಇಳಿಸಿದರು. ಸಂತ ಮಾರ್ಕನು ನಾಲ್ವರೆಂದು ಎಣಿಸಿ ಬರೆದಿದ್ದಾನೆ. ಒಬ್ಬನೇ ಹೊರಲಾಗದು, ಇಬ್ಬರು ಹೊತ್ತರೆ ಹಾಸಿಗೆ ವಾಲುತ್ತದೆ. ಈ ಕಾಯಿಲೆಯ ರೋಗಿಯನ್ನು ಹೊರಲೂ ನಾಲ್ವರು ಬೇಕು. ಆ ನಾಲ್ವರು ಯಾರು, ಅವರನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯವರು ವೈದ್ಯರು. ಚಿಕಿತ್ಸೆ ಬೆಂಗಳೂರಿನಲ್ಲಿ ಮಾತ್ರ ಸಿಗುತ್ತದೆಂಬ ಕಾಲ ಮುಗಿದಿದೆ. ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ನಮ್ಮ ರಾಜ್ಯದ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಗೊತ್ತಾದ ದಿನ, ಸಾಮಾನ್ಯವಾಗಿ ಮಂಗಳವಾರ, ಅವರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ನಮ್ಮ ಧರ್ಮಸಭೆಯದೇ ಆದ ಮಂಗಳೂರಿನ ಫಾದರ್ ಮುಲ್ಲರ್ ಮತ್ತು ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಎಲ್ಲಿಗೆ ಹೋಗಬೇಕೆಂದೇ ತಿಳಿಯದವರಿಗೆ ಟೆಲಿ ಮನಸ್ ಎಂಬ ಉಚಿತ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಅದರ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಲು ರೋಗಿಯೇ ಬೇಕಾಗಿಲ್ಲ. ತಾಯಿಯೂ ಮಾಡಬಹುದು, ತಂಗಿಯೂ ಮಾಡಬಹುದು.

ಚಿಕಿತ್ಸೆಯ ಕುರಿತು ಮನೆಯವರು ತಿಳಿದಿರಬೇಕಾದ ಕೆಲವು ಮಾತುಗಳಿವೆ. ಧ್ವನಿ ಮತ್ತು ಸಂಶಯಗಳಿಗೆ ಒಂದು ಬಗೆಯ ಔಷಧ, ಏರಿಳಿತಕ್ಕೆ ಲಿಥಿಯಂ, ವಾಲ್‌ಪ್ರೊಯೇಟ್‌ನಂಥ ಇನ್ನೊಂದು ಬಗೆಯ ಔಷಧ, ಕೆಲವೊಮ್ಮೆ ಖಿನ್ನತೆಗೆ ಮತ್ತೊಂದು, ಹೀಗೆ ಒಂದಕ್ಕಿಂತ ಹೆಚ್ಚು ಮಾತ್ರೆಗಳಿರುವುದು ಸಹಜ. ದಿನವೂ ಮಾತ್ರೆ ನುಂಗಲು ಒಪ್ಪದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಮೈ ಭಾರ, ನಡುಕ, ಅತಿನಿದ್ದೆ ಬಂದರೆ ವೈದ್ಯರಿಗೆ ಹೇಳಬೇಕು. ಪ್ರಮಾಣ ಬದಲಿಸಬಹುದು, ಔಷಧವನ್ನೇ ಬದಲಿಸಬಹುದು. ತಾವಾಗಿ ನಿಲ್ಲಿಸಬಾರದು. ಲಿಥಿಯಂ ತೆಗೆದುಕೊಳ್ಳುವವರಿಗೆ ಕಾಲಕಾಲಕ್ಕೆ ರಕ್ತಪರೀಕ್ಷೆ ಬೇಕು. ವಾಂತಿ, ಭೇದಿ, ಜ್ವರದಿಂದ ದೇಹದ ನೀರು ಕಡಿಮೆಯಾದರೆ ಅದು ರಕ್ತದಲ್ಲಿ ಏರಿ ಅಪಾಯ ತರಬಲ್ಲದು. ಆದ್ದರಿಂದ ತಪಸ್ಸುಕಾಲದ ಹೊಸ್ತಿಲಲ್ಲಿ ಒಂದು ಮಾತು: ರೋಗಿಗಳಿಗೆ ಉಪವಾಸದ ಕಟ್ಟಳೆಯಿಲ್ಲ. ವಿಭೂತಿ ಬುಧವಾರದಂದೂ ಶುಭ ಶುಕ್ರವಾರದಂದೂ ಅವರು ಹೊತ್ತಿಗೆ ಸರಿಯಾಗಿ ಉಂಡು, ನೀರು ಕುಡಿದು, ಮಾತ್ರೆ ತೆಗೆದುಕೊಳ್ಳಲಿ. ಅದೇ ಅವರ ತಪಸ್ಸು. ಮಕ್ಕಳನ್ನು ಹೆರುವ ವಯಸ್ಸಿನ ಹೆಣ್ಣುಮಕ್ಕಳು ವಾಲ್‌ಪ್ರೊಯೇಟ್ ವಿಷಯವನ್ನು ವೈದ್ಯರೊಡನೆ ಮೊದಲೇ ಮಾತಾಡಬೇಕು. ಅದು ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು.

ಎರಡನೆಯವರು ಮನೆಯವರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಎಂಬವರು ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಅವರ ಜೊತೆಯಲ್ಲೇ ಇರಿಸಿಕೊಂಡರು. ರೋಗಿಯನ್ನು ಒಳಗೆ ಬಿಟ್ಟು ಮನೆಯವರನ್ನು ಹೊರಗೆ ಕಳಿಸುವ ಪದ್ಧತಿ ಲೋಕದ ಬಹುತೇಕ ಕಡೆ ಇದ್ದಾಗ ನಮ್ಮ ದೇಶದವರೊಬ್ಬರು ಕಂಡುಕೊಂಡ ದಾರಿ ಅದು. ಮನೆಯಲ್ಲಿ ಟೀಕೆ, ಜಗಳ, ಹೀಯಾಳಿಕೆ ಹೆಚ್ಚಾದಷ್ಟೂ ಇಂಥ ಕಾಯಿಲೆ ಮರುಕಳಿಸುವುದು ಹೆಚ್ಚೆಂಬುದು ಮನೋವೈದ್ಯರು ಹಲವು ದೇಶಗಳಲ್ಲಿ ಕಂಡುಕೊಂಡ ಸತ್ಯ. ಹಾಗೆಂದು ಕಾಯಿಲೆ ಮನೆಯವರಿಂದ ಬಂತೆಂದು ಅರ್ಥವಲ್ಲ. ಅದನ್ನು ತಣ್ಣಗಿಡುವ ಶಕ್ತಿ ಮನೆಯವರಲ್ಲಿದೆ ಎಂದರ್ಥ.

ನಾವು ಹೇಳಿದ ಆ ತಾಯಿ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಎಷ್ಟು ಗಂಟೆ ನಿದ್ದೆ, ಊಟ ಹೇಗೆ, ಮಾತು ಹೇಗೆ ಎಂದು ದಿನಕ್ಕೆರಡು ಸಾಲು. ನಿದ್ದೆ ಮೂರು ದಿನ ಸತತ ಕಡಿಮೆಯಾದರೆ ನಾಲ್ಕನೆಯ ದಿನ ಆಸ್ಪತ್ರೆಗೆ ಹೊರಡುತ್ತಾರೆ. ಏಳನೆಯ ತರಗತಿ ಓದಿದ ಆ ತಾಯಿಯ ನೋಟ್‌ಬುಕ್ಕನ್ನು ವೈದ್ಯರು ಎದುರಿಗಿಟ್ಟುಕೊಂಡು ಔಷಧ ಬರೆಯುತ್ತಾರೆ. ಧ್ವನಿ ಕೇಳುತ್ತಿದೆ ಎಂದು ಮಗ ಹೇಳಿದಾಗ ಅವರು "ಸುಳ್ಳು" ಎನ್ನುವುದಿಲ್ಲ, "ಹೌದು, ನನಗೂ ಕೇಳಿಸುತ್ತದೆ" ಎಂದೂ ಅನ್ನುವುದಿಲ್ಲ. "ನನಗೆ ಕೇಳಿಸುತ್ತಿಲ್ಲ ಮಗಾ, ಆದರೆ ನಿನಗೆ ಹೆದರಿಕೆಯಾಗಿದೆ ಎಂದು ಗೊತ್ತಾಗುತ್ತದೆ" ಎನ್ನುತ್ತಾರೆ. ಇದಕ್ಕಿಂತ ಸತ್ಯವಾದ, ಇದಕ್ಕಿಂತ ಪ್ರೀತಿಯ ಮಾತನ್ನು ನಾವು ಬೇರೆಲ್ಲೂ ಕೇಳಿಲ್ಲ.

ಮನೆಯವರು ಮಾಡಬಾರದ ಒಂದು ಕೆಲಸವನ್ನೂ ಹೇಳಬೇಕು. "ಮದುವೆಯಾದರೆ ಎಲ್ಲ ಸರಿಹೋಗುತ್ತದೆ" ಎಂದು ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವವರಿದ್ದಾರೆ. ಗುಟ್ಟು ಬಯಲಾದೀತೆಂದು ಮದುವೆಯ ತಿಂಗಳಲ್ಲಿ ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಆಮೇಲೆ ನಡೆಯುವುದೇನೆಂಬುದನ್ನು ಧರ್ಮಪ್ರಾಂತ್ಯದ ವಿವಾಹ ನ್ಯಾಯಮಂಡಳಿಗಳು ಬಲ್ಲವು. ಈ ಕಾಯಿಲೆಯವರು ಮದುವೆಯಾಗಲೇಬಾರದೆಂದು ನಾವು ಹೇಳುತ್ತಿಲ್ಲ. ಚಿಕಿತ್ಸೆಯಲ್ಲಿದ್ದು ಒಳ್ಳೆಯ ಸಂಸಾರ ಮಾಡುತ್ತಿರುವವರಿದ್ದಾರೆ. ಆದರೆ ವಂಚನೆಯ ಮೇಲೆ ಸಂಸ್ಕಾರ ನಿಲ್ಲದು. ಎರಡೂ ಮನೆಯವರಿಗೆ ತಿಳಿದಿರಲಿ, ವೈದ್ಯರ ಸಲಹೆಯಿರಲಿ, ಹುಡುಗ ಹುಡುಗಿ ತಾವೇ ಕುಳಿತು ಮಾತಾಡಲಿ.

ಇನ್ನೊಂದು ಎಚ್ಚರಿಕೆ. ಬದುಕಿ ಪ್ರಯೋಜನವಿಲ್ಲ ಎಂಬ ಮಾತು ಬಂದರೆ ಅದನ್ನು ನಾಟಕವೆಂದು ಭಾವಿಸಬೇಡಿ. ಒಬ್ಬಂಟಿಯಾಗಿ ಬಿಡಬೇಡಿ, ಗಿಡಕ್ಕೆ ಹೊಡೆಯುವ ಔಷಧ, ಮನೆಯ ಮಾತ್ರೆಗಳು ಬೀಗದೊಳಗಿರಲಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಿನ ಹೆದರಿಕೆಯಿಂದ ತಡಮಾಡಬೇಡಿ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಹಾಗೆ ಕಳೆದುಕೊಂಡ ಮನೆಗಳಿಗೂ ಒಂದು ಮಾತು: ತೀವ್ರ ಮಾನಸಿಕ ವ್ಯಾಧಿಯು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತದೆಂದು ಧರ್ಮಸಭೆ ಬೋಧಿಸುತ್ತದೆ, ಅವರ ಆತ್ಮಕ್ಕಾಗಿ ಪ್ರಾರ್ಥಿಸುತ್ತದೆ. ದೇವರ ಕರುಣೆಗೆ ನಾವು ಬೇಲಿ ಹಾಕಬಾರದು.

ಮೂರನೆಯವರು ಇದೇ ಕಷ್ಟವನ್ನು ಹಾದುಬಂದವರು, ಮತ್ತು ಅವರಿಗಾಗಿ ದುಡಿಯುವ ಸಂಸ್ಥೆಗಳು. ಮಂಗಳೂರಿನಲ್ಲಿ 1923ರಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಅವರು ಭಾರತದ ಮೊದಲ ಮಹಿಳಾ ಮನೋವೈದ್ಯೆ. ಬೆಂಗಳೂರಿನಲ್ಲಿ ತರಬೇತಿ ಪಡೆದು ಚೆನ್ನೈಯಲ್ಲಿ ಸೇವೆ ಸಲ್ಲಿಸಿ, 1984ರಲ್ಲಿ ಸ್ಕಾರ್ಫ್ ಎಂಬ ಸ್ಕಿಜೋಫ್ರೇನಿಯಾ ಸಂಶೋಧನಾ ಪ್ರತಿಷ್ಠಾನವನ್ನು ಕಟ್ಟಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಅವರ ಮನಸ್ಸು ಈ ರೋಗಿಗಳ ಕಡೆಗೇ ಇತ್ತು. ಬೆಂಗಳೂರಿನಲ್ಲಿ ರೋಗಿಗಳ ತಂದೆತಾಯಿಗಳೇ ಕೂಡಿ ಅಮೆಂಡ್ ಎಂಬ ಸಂಘವನ್ನು ಕಟ್ಟಿಕೊಂಡರು. ಆಸ್ಪತ್ರೆಯಿಂದ ಬಿಡುಗಡೆಯಾದರೂ ಕೂಡಲೇ ಮನೆಯಲ್ಲಿ ಇರಲಾಗದವರಿಗೆ, ಕೆಲಸ ಕಲಿಯಬೇಕಾದವರಿಗೆ ಅರ್ಧದಾರಿಯ ಮನೆಗಳಿವೆ. ಬೆಂಗಳೂರಿನಲ್ಲಿ ವೈದ್ಯರೂ ಕ್ರೈಸ್ತ ಧರ್ಮಸೇವಕರೂ ಜೊತೆಗೂಡಿ 1960ರ ದಶಕದಲ್ಲಿ ಆರಂಭಿಸಿದ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, 1986ರಲ್ಲಿ ಆರಂಭವಾದ ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಇವು ಆ ಬಗೆಯವು. ಪುಸ್ತಕ ಓದಬಲ್ಲವರಿಗೆ, ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ತಿಳಿಗನ್ನಡದಲ್ಲಿ ಬರೆದಿರುವ ಹೊತ್ತಗೆಗಳಿವೆ. ಔಷಧ ಬರೆದು ಕೊಡುವವರು ವೈದ್ಯರು. ಆದರೆ "ನಮ್ಮ ಮನೆಯಲ್ಲೂ ಹೀಗೆಯೇ ಆಗಿತ್ತು" ಎನ್ನಬಲ್ಲವರು ಇನ್ನೊಂದು ಮನೆಯವರು ಮಾತ್ರ. ಆ ಮಾತಿಗೆ ಔಷಧದಷ್ಟೇ ಬೆಲೆಯಿದೆ.

ನಾಲ್ಕನೆಯದು ಸರ್ಕಾರ ಮತ್ತು ಕಾನೂನು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಆ ಸುದ್ದಿ ಓದಿ ಮರುಗದವರಿಲ್ಲ. ಆದರೆ ಹಿತ್ತಲಿನ ಕೋಣೆಯ ಚಿಲಕವೂ ಸರಪಳಿಯ ತಮ್ಮನೇ ಅಲ್ಲವೆ? ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಕೂಡದೆಂದು 2017ರ ಕಾಯಿದೆ ನಿಷೇಧಿಸಿದೆ. ಸರ್ಕಾರದ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಅದು ಹೇಳುತ್ತದೆ. ಬಡತನದ ರೇಖೆಯ ಕೆಳಗಿನವರಿಗೆ ಅದು ಉಚಿತ. ಶಾರೀರಿಕ ಕಾಯಿಲೆಗೆ ಕೊಡುವ ಆಧಾರದಲ್ಲೇ ಮನಸ್ಸಿನ ಕಾಯಿಲೆಗೂ ವೈದ್ಯಕೀಯ ವಿಮೆ ಕೊಡಬೇಕು. ರೋಗಿಯು ನೆಮ್ಮದಿಯಾಗಿರುವ ಕಾಲದಲ್ಲಿ, ಮುಂದೆ ಕಾಯಿಲೆ ಉಲ್ಬಣಿಸಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮುಂಚಿತವಾಗಿ ಬರೆದಿಡಬಹುದು. ದಿಕ್ಕು ತಪ್ಪಿ ಅಲೆಯುವ ರೋಗಿಗೆ ರಕ್ಷಣೆ ನೀಡುವುದು ಪೊಲೀಸರ ಕರ್ತವ್ಯ. ಆದ್ದರಿಂದ ಮನೆಬಿಟ್ಟು ಹೋದವರ ಬಗ್ಗೆ ಅದೇ ದಿನ ಠಾಣೆಯಲ್ಲಿ ತಿಳಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಜಿಲ್ಲಾಸ್ಪತ್ರೆಯ ಮನೋವೈದ್ಯರು ಪರೀಕ್ಷಿಸಿ, ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣೀಕರಿಸಿದರೆ ಕಾಯಿದೆಯ ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ. ಮಾಸಾಶನದ ಅರ್ಜಿಯೂ ಆ ಪ್ರಮಾಣಪತ್ರದಿಂದಲೇ ಆರಂಭ. ಆ ತಾಯಿ ನಮ್ಮಲ್ಲಿಗೆ ಪತ್ರ ಕೇಳಿ ಬಂದದ್ದು ಇದಕ್ಕಾಗಿಯೇ. ಈ ಸೌಲಭ್ಯವಿದೆ ಎಂದು ಅವರಿಗೆ ಹೇಳಿದವರು ನಾವಲ್ಲ. ತಾಲ್ಲೂಕು ಆಸ್ಪತ್ರೆಯ ಒಬ್ಬ ಸಮಾಜ ಕಾರ್ಯಕರ್ತೆ.

ಇವರು ನಾಲ್ವರು. ಹಾಗಾದರೆ ಆ ಪ್ರಸಂಗದಲ್ಲಿ ಧರ್ಮಕೇಂದ್ರ ಎಲ್ಲಿದೆ? ನಾವು ಈ ಪ್ರಶ್ನೆಯನ್ನು ಬಹಳ ದಿನ ಯೋಚಿಸಿದೆವು. ಹೊತ್ತು ತಂದವರು ಮಾಡನ್ನು ಏಕೆ ತೆರೆಯಬೇಕಾಯಿತು? ಬಾಗಿಲಲ್ಲಿ ಜನ ತುಂಬಿದ್ದರು. ಆ ಜನ ಯಾರು? ಕೆಟ್ಟವರಲ್ಲ, ಯೇಸುಸ್ವಾಮಿಯ ಪ್ರವಚನ ಕೇಳಲು ಬಂದ ಭಕ್ತರೇ. ಅವರು ಬೇಕೆಂದು ಅಡ್ಡ ನಿಂತವರಲ್ಲ; ಬೆನ್ನು ತಿರುಗಿಸಿ ನಿಂತಿದ್ದರು, ಅಷ್ಟೆ. ಪ್ರಿಯ ಓದುಗರೇ, ಆ ಗುಂಪಿನಲ್ಲಿ ನಮ್ಮನ್ನು ನಾವು ಕಂಡೆವು. ಪೂಜೆಯಲ್ಲಿ ಎದ್ದು ತಾನಾಗಿ ಮಾತಾಡಿಕೊಳ್ಳುವವನನ್ನು ಹಿಂದಿನ ಬೆಂಚಿಗೆ ಸರಿಸುವವರು ನಾವೇ. ಸಭಾಭವನದ ಸಮಾರಂಭಕ್ಕೆ "ಅವನನ್ನು ಕರೆತರಬೇಡಿ" ಎಂದು ಮೆಲ್ಲಗೆ ಹೇಳುವವರು ನಾವೇ. ಮಾತ್ರೆಗಿಂತ ಪ್ರಾರ್ಥನೆ ದೊಡ್ಡದೆಂದವರೂ ನಾವೇ.

ದೂರದ ಬೆಲ್ಜಿಯಂನಲ್ಲಿ ಗೀಲ್ ಎಂಬ ಪಟ್ಟಣವಿದೆ. ಮನೋರೋಗಿಗಳ ಪಾಲಕಿಯಾದ ಸಂತ ಡಿಂಫ್ನಾಳ ಕ್ಷೇತ್ರವದು. ಮಧ್ಯಯುಗದಲ್ಲಿ ಅಲ್ಲಿಗೆ ಹರಕೆ ಹೊತ್ತು ಬಂದ ರೋಗಿಗಳು ದೇವಾಲಯದಲ್ಲಿ ತುಂಬಿಹೋದಾಗ ಊರಿನ ಮನೆಗಳವರು ಅವರನ್ನು ತಮ್ಮ ಮನೆಯಲ್ಲಿರಿಸಿಕೊಂಡರು. ಆ ಪದ್ಧತಿ ಶತಮಾನಗಳನ್ನು ದಾಟಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಇಂದಿಗೂ ನಡೆದಿದೆ. ಆಸ್ಪತ್ರೆಗಳ ಪಾಲಕನಾದ ಸಂತ ಜಾನ್ ಆಫ್ ಗಾಡ್ ಹದಿನಾರನೆಯ ಶತಮಾನದಲ್ಲಿ ಗ್ರನಾಡಾ ನಗರದಲ್ಲಿ ತಾನೇ ಹುಚ್ಚನೆಂದು ಬಂಧನಕ್ಕೊಳಗಾಗಿ ಚಾಟಿಯೇಟು ತಿಂದವನು. ಹೊರಬಂದ ಮೇಲೆ ರೋಗಿಗಳನ್ನು ಹಾಗೆ ನೋಡಿಕೊಳ್ಳಬಾರದೆಂದು ತನ್ನದೇ ಆಸ್ಪತ್ರೆ ತೆರೆದನು. ನಮ್ಮ ಪರಂಪರೆಯಲ್ಲಿ ಇದೂ ಇದೆ. ಗೀಲ್ ಪಟ್ಟಣದವರಂತೆ ಮನೆಯನ್ನೇ ಬಿಟ್ಟುಕೊಡಲು ನಾವು ಯಾರನ್ನೂ ಕೇಳುತ್ತಿಲ್ಲ. ಒಂದು ಬೆಂಚನ್ನು ಕೇಳುತ್ತಿದ್ದೇವೆ.

ಆದ್ದರಿಂದ ನಮ್ಮ ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಮೂರು ವಿಷಯಗಳನ್ನು ನಿರ್ಧರಿಸಿದ್ದೇವೆ. ಇತರ ಧರ್ಮಕೇಂದ್ರಗಳವರೂ ಯೋಚಿಸಲೆಂದು ಇಲ್ಲಿ ಬರೆಯುತ್ತೇವೆ. ಒಂದು, ತಿಂಗಳಿಗೊಮ್ಮೆ, ಎರಡನೆಯ ಭಾನುವಾರ ಪೂಜೆಯ ನಂತರ, ಇಂಥ ಮನೆಯವರು ಮಾತ್ರ ಸೇರುವ ಒಂದು ಕೂಟ. ಯಾವ ಜಾತಿ ಮತದವರಾದರೂ ಬರಬಹುದು. ಅಲ್ಲಿ ಪ್ರವಚನವಿಲ್ಲ; ಕೇಳುವವರಿರುತ್ತಾರೆ, ಒಂದು ಲೋಟ ಕಾಫಿ ಇರುತ್ತದೆ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯುತ್ತದೆ. ಎರಡು, ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಸದಸ್ಯರು ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಹೋಗುತ್ತಾರೆ, ಬಸ್ಸಿನ ಖರ್ಚು ಇಲ್ಲದವರಿಗೆ ಕೊಡುತ್ತಾರೆ, ಪ್ರಮಾಣಪತ್ರದ ಅರ್ಜಿ ಬರೆದುಕೊಡುತ್ತಾರೆ. ತಿಂಗಳಲ್ಲಿ ಒಂದು ಮಧ್ಯಾಹ್ನ ರೋಗಿಯ ಜೊತೆ ಕುಳಿತು, ತಾಯಿಗೆ ಸಂತೆಗೋ ತವರಿಗೋ ಹೋಗಿಬರಲು ಬಿಡುವು ಮಾಡಿಕೊಡುತ್ತಾರೆ. ಮೂರು, ಪ್ರಾರ್ಥನೆಗೆ ಬಂದ ಯಾವ ರೋಗಿಯನ್ನಾದರೂ "ಮಾತ್ರೆ ತೆಗೆದುಕೊಂಡೆಯಾ?" ಎಂದು ಕೇಳದೆ ನಾವು ಆಶೀರ್ವದಿಸಿ ಕಳಿಸುವುದಿಲ್ಲ.

ಆ ಹುಡುಗನಿಗೆ ಈಗ ಮೂವತ್ತು ದಾಟಿದೆ. ಪೂರ್ತಿ ಗುಣವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಡುವೆ ಎರಡು ಸಲ ಮತ್ತೆ ಆಸ್ಪತ್ರೆ ಸೇರಿದ್ದಾನೆ. ಈಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ದಿನ ಲೆಕ್ಕ ಬರೆಯುತ್ತಾನೆ. ಮಾಲೀಕರಿಗೆ ಕಾಯಿಲೆಯ ವಿಷಯ ಗೊತ್ತಿದೆ. ಮಂದವಾದ ದಿನ ಮನೆಗೆ ಹೋಗೆನ್ನುತ್ತಾರೆ. ಕೆಲವು ಭಾನುವಾರ ಪೂಜೆಗೆ ಬರುತ್ತಾನೆ, ಕೆಲವು ಭಾನುವಾರ ಬರುವುದಿಲ್ಲ ಎಂದು ಈಗ ಅಲ್ಲಿರುವ ಗುರುಗಳು ಹೇಳುತ್ತಾರೆ. ಕಳೆದ ತಿಂಗಳು ನಾವು ಆ ಊರಿಗೆ ಹೋಗಿದ್ದಾಗ ಅವನ ಬಳಿ ಕ್ಷಮೆ ಕೇಳಿದೆವು. "ಪರವಾಗಿಲ್ಲ ಫಾದರ್, ಅಮ್ಮನಿಗೆ ವಯಸ್ಸಾಯಿತು. ಆಮೇಲೆ ನನ್ನ ನೋಟ್‌ಬುಕ್ ಯಾರು ಬರೆಯುತ್ತಾರೆ?" ಎಂದು ಕೇಳಿದ.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದು ಒಬ್ಬ ಗುರು ಉತ್ತರಿಸುವ ಪ್ರಶ್ನೆಯಲ್ಲ. ಒಂದು ಸಮುದಾಯ ಉತ್ತರಿಸಬೇಕಾದದ್ದು. ಬರುವ ಫೆಬ್ರವರಿ 11ರಂದು ನಮ್ಮ ದೇವಾಲಯದ ಮುಂದಿನ ಬೆಂಚುಗಳಲ್ಲಿ ಒಂದನ್ನು ಈ ಮನೆಗಳವರಿಗಾಗಿ ಇಟ್ಟಿರುತ್ತೇವೆ. ಅವರು ಬಾಗಿಲವರೆಗೆ ಬಂದಾರು. ದಾರಿ ಬಿಡುವುದು ಒಳಗಿರುವ ನಮ್ಮ ಕೆಲಸ.